ಒಬ್ಬ ಗಣಿತ ಟೀಚರ್, ಆರು ತಿಂಗಳ ಕೀಮೋ ಮತ್ತು ಸ್ಟಾಫ್ ರೂಮಿನ 12,000 ರೂಪಾಯಿ

ಹಾವೇರಿ ಜಿಲ್ಲೆಯ ಒಂದು ಅನುದಾನಿತ ಹೈಸ್ಕೂಲ್. ಅಲ್ಲಿ ಗಣಿತ ಕಲಿಸುವ, ಐವತ್ತರ ಆಸುಪಾಸಿನ ಒಬ್ಬ ಟೀಚರಿಗೆ ಸೆಪ್ಟೆಂಬರಿನಲ್ಲಿ ಎಡ ಸ್ತನದ ಕ್ಯಾನ್ಸರ್ ಪತ್ತೆಯಾಯಿತು. ಅಕ್ಟೋಬರಿನಲ್ಲಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಸ್ತನದ ಜೊತೆ ಎಡ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ನವೆಂಬರ್ ಮೊದಲ ವಾರ ಕೀಮೋ ಶುರುವಾಯಿತು. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅವರನ್ನು ಕೇಳಿ, ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ನಮ್ಮ ಕಡೆ ಮಕ್ಕಳು ಟೀಚರನ್ನು ಅಕ್ಕೋರು ಅಂತ ಕರೆಯುತ್ತಾರೆ. ಇಲ್ಲಿಯೂ ಅವರು ಅಕ್ಕೋರೇ.

ಮನೆಯಲ್ಲಿ ಅಕ್ಕೋರು, ಅವರ ಯಜಮಾನರು, ವಯಸ್ಸಾದ ಅತ್ತೆ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ. ಯಜಮಾನರಿಗೆ ಹೊಲವಿದೆ. ದುಡ್ಡಿಗೆ ತೀರಾ ಕಷ್ಟವಿಲ್ಲ. ಆದರೆ ಕೆಲಸಕ್ಕೆ ಕೈ ಸಾಲದ ಮನೆ. ಈ ಒಂದು ವಿಷಯ ನೆನಪಿಟ್ಟುಕೊಂಡು ಮುಂದೆ ಓದಿ. ನಾವು ಕೊಟ್ಟಿದ್ದರಲ್ಲಿ ಯಾವುದು ಉಪಯೋಗವಾಯಿತು, ಯಾವುದು ಆಗಲಿಲ್ಲ ಅನ್ನುವುದು ಬಹಳ ಮಟ್ಟಿಗೆ ಇದರ ಮೇಲೆಯೇ ನಿಂತಿತ್ತು.

ವಿಷಯ ಗೊತ್ತಾದ ವಾರವೇ ಸ್ಟಾಫ್ ರೂಮಿನಲ್ಲಿ ದುಡ್ಡು ಕೂಡಿಸಿದೆವು. 12,000 ರೂಪಾಯಿ ಆಯಿತು. ಏನು ಕೊಡೋಣ ಅಂದಾಗ ಮೊದಲು ಬಂದ ಮಾತು ಇಳಕಲ್ ಸೀರೆ. ಆಮೇಲೆ ಹಣ್ಣಿನ ಬುಟ್ಟಿ, ಹಾಲಿಗೆ ಹಾಕುವ ಪುಡಿಯ ಡಬ್ಬಿಗಳು, ಕವರಿನಲ್ಲಿ ರೊಕ್ಕ. ಆಗ ವಿಜ್ಞಾನದ ಮಾಸ್ತರು, "ಮೊದಲು ಮನೆಗೆ ಏನೇನು ಬಂದಿದೆ ಅಂತ ನೋಡೋಣ. ಆಮೇಲೆ ಕೊಳ್ಳೋಣ" ಅಂದರು. ಒಳ್ಳೆಯ ಮಾತು. ಎಲ್ಲರೂ ಕಾದೆವು.

ಮನೆಗೆ ಬಂದ ವಸ್ತುಗಳು

ಮೊದಲ ಕೀಮೋ ಆಗಿ ಒಂದು ವಾರದೊಳಗೆ ಅಕ್ಕೋರ ಮನೆಯ ಪಡಸಾಲೆ ತುಂಬಿತ್ತು. ಬಂದವರೆಲ್ಲ ಪ್ರೀತಿಯಿಂದಲೇ ತಂದಿದ್ದರು. ಅದರಲ್ಲಿ ಸಂಶಯವಿಲ್ಲ. ಆದರೂ ಅರ್ಧಕ್ಕಿಂತ ಜಾಸ್ತಿ ವಸ್ತುಗಳು ಅವರ ಕೈಗೆ ಹೋಗಲೇ ಇಲ್ಲ. ಏಕೆ ಅಂತ ಒಂದೊಂದಾಗಿ ನೋಡಿದರೆ ಈ ಕಾಯಿಲೆಯ ಚಿಕಿತ್ಸೆ ಹೇಗೆ ನಡೆಯುತ್ತದೆ ಅನ್ನುವುದೂ ಅರ್ಥವಾಗುತ್ತದೆ.

ಮಲ್ಲಿಗೆ ಮಾಲೆ, ಸುಗಂಧರಾಜದ ಗುಚ್ಛ, ಊದಿನಕಡ್ಡಿ, ಗಂಧದ ಸೋಪಿನ ಪೆಟ್ಟಿಗೆ. ಕೀಮೋ ಆದ ಮೇಲೆ ಹಲವರಿಗೆ ವಾಸನೆ ತಡೆಯುವುದಿಲ್ಲ. ಮೊದಲು ಇಷ್ಟವಾಗಿದ್ದ ಪರಿಮಳವೇ ಹೊಟ್ಟೆ ತೊಳಸುತ್ತದೆ. ಅಕ್ಕೋರು ಮಲ್ಲಿಗೆ ಇಲ್ಲದೆ ಶಾಲೆಗೆ ಬಂದವರೇ ಅಲ್ಲ. ಆ ವಾರ ಮಾತ್ರ ಮಾಲೆಯನ್ನು ದೇವರ ಮನೆಯಲ್ಲೂ ಇಡಲು ಆಗಲಿಲ್ಲ, ಹಿತ್ತಲಿಗೆ ಕಳಿಸಿದರು. ಹೂವಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಹೂದಾನಿಯಲ್ಲಿ ನಿಂತ ನೀರು, ಕುಂಡದ ಮಣ್ಣು ಇವೆರಡರಲ್ಲೂ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಬಿಳಿ ರಕ್ತಕಣ ಕಡಿಮೆಯಾದವರಿಗೆ ಅದು ಅಪಾಯ. ಅದಕ್ಕೇ ರಕ್ತದ ಕ್ಯಾನ್ಸರ್ ಮತ್ತು ಮೂಳೆಮಜ್ಜೆ ಕಸಿಯ ವಾರ್ಡುಗಳಲ್ಲಿ ತಾಜಾ ಹೂವು, ಗಿಡ ಒಳಗೆ ಬಿಡುವುದಿಲ್ಲ.

ಧಾರವಾಡ ಪೇಡೆಯ ಡಬ್ಬಿಗಳು ಬಂದಿದ್ದವು. ಕೀಮೋ ಜೊತೆಗೆ ವಾಂತಿ ತಡೆಯಲು ಸ್ಟಿರಾಯ್ಡ್ ಕೊಡುತ್ತಾರೆ. ಅದರಿಂದ ರಕ್ತದ ಸಕ್ಕರೆ ಏರುತ್ತದೆ. ಎರಡು ಮೂರು ದಿನ ರಾತ್ರಿ ನಿದ್ದೆಯೂ ಬರುವುದಿಲ್ಲ. ಅಕ್ಕೋರಿಗೆ ಸಕ್ಕರೆ ಮೊದಲೇ ಗಡಿಯಲ್ಲಿತ್ತು.

ಕಷಾಯದ ಪುಡಿಗಳು ಸಾಕಷ್ಟು ಬಂದಿದ್ದವು. ಅಮೃತಬಳ್ಳಿ, ಅಶ್ವಗಂಧ, ಅರಿಶಿನದ ಮಾತ್ರೆ. ಇದನ್ನು ಕೊಡುವವರು "ನೈಸರ್ಗಿಕ, ಏನೂ ಆಗೋದಿಲ್ಲ" ಅಂತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ಹಾಳಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಕೀಮೋ ಔಷಧಿಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವುದು ಲಿವರ್ ಕೆಲಸ. ಆ ಸಮಯದಲ್ಲಿ ಅದರ ಮೇಲೆ ಇನ್ನೊಂದು ಹೊರೆ ಹೇರುವುದು ಬೇಡ. ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ಹುಬ್ಬಳ್ಳಿಯ ವೈದ್ಯರು ಏನೂ ಅನ್ನಲಿಲ್ಲ. ಮಾತ್ರೆ, ಪುಡಿ, ಕಷಾಯ ಮಾತ್ರ ಬೇಡ ಅಂದರು. ಯಾರೋ ಚಕ್ಕೋತ ಹಣ್ಣನ್ನೂ ತಂದಿದ್ದರು. ಅದು ಕೆಲವು ಔಷಧಿಗಳು ದೇಹದಲ್ಲಿ ಕರಗುವ ಲೆಕ್ಕವನ್ನು ಏರುಪೇರು ಮಾಡುವ ಜಾತಿಯ ಹಣ್ಣು. ಕೇಳದೆ ಕೊಡಬಾರದು.

ದೇವರ ಪ್ರಸಾದದ ವಿಷಯ ಸೂಕ್ಷ್ಮ. ಸಿದ್ಧಾರೂಢ ಮಠದ ವಿಭೂತಿ ಬಂತು, ದೇವರಗುಡ್ಡದ ಭಂಡಾರ ಬಂತು, ಬಾಟಲಿಯಲ್ಲಿ ತೀರ್ಥವೂ ಬಂತು. ಕುದಿಸದ ನೀರು ಕುಡಿಯುವ ಹಾಗಿಲ್ಲ. ಹಾಗಂತ ಭಕ್ತಿಯಿಂದ ತಂದದ್ದನ್ನು ಚೆಲ್ಲುವುದೂ ಆಗುವುದಿಲ್ಲ, ಅಲ್ವಾ? ಅತ್ತೆಯವರೇ ದಾರಿ ಹುಡುಕಿದರು. ತೀರ್ಥವನ್ನು ತಲೆಯ ಮೇಲೆ ಚಿಮುಕಿಸಿದರು, ವಿಭೂತಿಯನ್ನು ಹಣೆಗೆ ಹಚ್ಚಿದರು. ತಂದವರ ಮನಸ್ಸೂ ತುಂಬಿತು, ಅಕ್ಕೋರ ಹೊಟ್ಟೆಗೂ ತೊಂದರೆಯಾಗಲಿಲ್ಲ.

ಬಳೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆ ಹೆಣ್ಣುಮಗಳನ್ನು ನೋಡಲು ಹೋಗುವಾಗ ಉಡಿ ತುಂಬುವುದು ಸಹಜ. ಕುಬುಸದ ಕಣ, ಅಕ್ಕಿ, ಉತ್ತತ್ತಿ, ಹಸಿರು ಗಾಜಿನ ಬಳೆ. ಕಂಕುಳಿನ ಗ್ರಂಥಿ ತೆಗೆದ ಮೇಲೆ ಆ ಕಡೆಯ ಕೈಯಿಂದ ದುಗ್ಧರಸ (ಲಿಂಫ್) ಅನ್ನುವ ದ್ರವ ಸರಿಯಾಗಿ ಹರಿಯುವುದಿಲ್ಲ. ಕೈ ಊದಿಕೊಳ್ಳುವ ಸಾಧ್ಯತೆ ಇರುತ್ತದೆ, ವರ್ಷಗಳ ನಂತರವೂ. ಅದಕ್ಕೇ ಆ ಕೈಗೆ ಸೂಜಿ ಬೇಡ, ಬಿಪಿ ಪಟ್ಟಿ ಬೇಡ, ಬಿಗಿಯಾದದ್ದು ಏನೂ ಬೇಡ, ಗಾಯ ಆಗದ ಹಾಗೆ ನೋಡಿಕೊಳ್ಳಿ ಅಂತ ಹೇಳುತ್ತಾರೆ. ಗಾಜಿನ ಬಳೆ ಒಡೆದರೆ ಗಾಯ. ಹಾಗಾಗಿ ಅಕ್ಕೋರ ಎಡಗೈ ಬರಿದಾಗಿತ್ತು. ನೋಡಲು ಬಂದ ಕೆಲವರು ಅದನ್ನೇ ನೋಡುತ್ತಿದ್ದರು. ಅಕ್ಕೋರಿಗೆ ಅದು ಕೂದಲು ಹೋದದ್ದಕ್ಕಿಂತ ಜಾಸ್ತಿ ಚುಚ್ಚಿತು ಅಂತ ಆಮೇಲೆ ಮಗಳು ಹೇಳಿದಳು. ನಮ್ಮ ಹಿಂದಿ ಟೀಚರ್ ಬಳೆಗಾರನ ಹತ್ತಿರ ಹೋಗಿ ಅಕ್ಕೋರ ಅಳತೆಗಿಂತ ದೊಡ್ಡದಾದ, ನಯವಾದ ಲೋಹದ ಒಂದು ಹಸಿರು ಬಳೆ ತಂದರು. ಅದು ಮೊಣಕೈವರೆಗೂ ಸಡಿಲವಾಗಿ ಸರಿಯುತ್ತಿತ್ತು. ಹಾಕಬಹುದಾ ಅಂತ ಮೊದಲು ಆಸ್ಪತ್ರೆಯಲ್ಲಿ ಕೇಳಿದರು. ಸಡಿಲವಿದ್ದರೆ ಆಗಬಹುದು, ಕೈ ಊದಿದ ಹಾಗೆ ಕಂಡರೆ ತಕ್ಷಣ ತೆಗೆಯಿರಿ ಅಂದರು. ಇಡೀ ಪ್ರಕರಣದಲ್ಲಿ ಬೆಲೆ ಕಡಿಮೆಯಿದ್ದು ಅತಿ ಹೆಚ್ಚು ಯೋಚಿಸಿ ಕೊಟ್ಟ ಉಡುಗೊರೆ ಅದೇ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕ್ಯಾಲೆಂಡರ್ ಮುಂದೆ ಕೂತು ಮಾಡಿದ ತೀರ್ಮಾನ

ಏನು ಬೇಕು ಅಂತ ಅಕ್ಕೋರನ್ನು ಕೇಳಿದರೆ "ಏನೂ ಬ್ಯಾಡ್ರಿ, ನೀವು ಬಂದಿದ್ದೇ ಸಾಕು" ಅಂತಾರೆ. ಯಾರಾದರೂ ಹಾಗೇ ಹೇಳುವುದು. ಕಾಯಿಲೆ ಬಿದ್ದವರಿಗೆ ಪಟ್ಟಿ ಮಾಡಿಕೊಡುವುದೂ ಒಂದು ಕೆಲಸವೇ. ಮಗಳಿಗೆ ಫೋನ್ ಮಾಡಿದೆವು. ಅವಳು ಹೇಳಿದ ಮೊದಲ ಮಾತೇ ಬೇರೆ ಇತ್ತು. "ಅವ್ವಗ ಬಂದವರಿಗೆ ಚಹಾ ಮಾಡಬೇಕಲ್ಲ ಅನ್ನೋದೇ ದೊಡ್ಡ ಚಿಂತಿ ಆಗೇತಿ" ಅಂದಳು. ಕೀಮೋ ಆದ ಮೂರನೇ ದಿನ, ವಾಂತಿ ತಡೆದುಕೊಂಡು, ಹಣ್ಣಿನ ಬುಟ್ಟಿ ತಂದವರಿಗೆ ಚಹಾ ಕಾಸಲು ಒಲೆಯ ಮುಂದೆ ನಿಂತಿದ್ದರಂತೆ.

ವಿಜ್ಞಾನದ ಮಾಸ್ತರು ಅವರ ಮನೆಯ ಗೋಡೆಯ ಕ್ಯಾಲೆಂಡರಿನ ಫೋಟೊ ತರಿಸಿಕೊಂಡರು. ಯಜಮಾನರು ಅದರಲ್ಲಿ ಕೀಮೋ ದಿನಗಳಿಗೆ ಸುತ್ತು ಹಾಕಿದ್ದರು. ಮೊದಲು 21 ದಿನಕ್ಕೊಂದರಂತೆ ನಾಲ್ಕು ಸಲ, ಎರಡು ಔಷಧಿ ಸೇರಿದ ಕೀಮೋ. ಅದರಲ್ಲಿ ಒಂದು ಡಾಕ್ಸೊರುಬಿಸಿನ್, ಕೆಂಪು ಬಣ್ಣದ್ದು. ಅದು ಕೊಟ್ಟ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ, ಗಾಬರಿ ಬೇಡ ಅಂತ ಮೊದಲೇ ಹೇಳಿರುತ್ತಾರೆ. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಂದರಂತೆ 12 ವಾರ. ಅದಾದ ಮೇಲೆ ರೇಡಿಯೇಶನ್.

ಆ ಫೋಟೊ ನೋಡಿದಾಗ ನಮಗೆಲ್ಲ ಒಂದು ಸ್ಪಷ್ಟವಾಯಿತು. 21 ದಿನದ ಒಂದು ಸುತ್ತಿನಲ್ಲಿ ಎಲ್ಲ ದಿನವೂ ಒಂದೇ ಅಲ್ಲ. ಮೊದಲ ನಾಲ್ಕೈದು ದಿನ ವಾಂತಿ, ಸುಸ್ತು, ನಿದ್ದೆ ಇಲ್ಲ. ಏಳನೇ ದಿನದಿಂದ ಹದಿನಾಲ್ಕರವರೆಗೆ ಬಿಳಿ ರಕ್ತಕಣ ತಳ ಮುಟ್ಟುವ ಸಮಯ. ಆಗ ಮೇಲೆ ಚೆನ್ನಾಗಿ ಕಂಡರೂ ಸೋಂಕಿನ ಭಯ ಜಾಸ್ತಿ. ಬಾಯಿ ಹುಣ್ಣೂ ಆಗಲೇ. ಮೂರನೇ ವಾರ ಮನುಷ್ಯರು ಮನುಷ್ಯರ ಹಾಗೆ ಆಗುತ್ತಾರೆ. ಊಟ ಸೇರುತ್ತದೆ, ಮಾತಾಡಬೇಕು ಅನ್ನಿಸುತ್ತದೆ. ಅಷ್ಟರಲ್ಲಿ ಮುಂದಿನ ಕೀಮೋ ಬರುತ್ತದೆ. ಮೂರನೇ ದಿನಕ್ಕೆ ಸರಿಯಾದದ್ದು ಹತ್ತನೇ ದಿನಕ್ಕೆ ತಪ್ಪಾಗಬಹುದು. ಹದಿನೆಂಟನೇ ದಿನ ಖುಷಿ ಕೊಡುವುದು ಎರಡನೇ ದಿನ ಹಿಂಸೆಯಾಗಬಹುದು.

ಹಾಗಾಗಿ 12,000ವನ್ನು ಒಂದೇ ಸಲ ಖರ್ಚು ಮಾಡುವುದು ಬೇಡ ಅಂತ ತೀರ್ಮಾನವಾಯಿತು. ಸೀರೆ ಬೇಡ. ಆ ತಾರೀಖುಗಳ ಪಕ್ಕದಲ್ಲಿ ಏನು, ಯಾವಾಗ, ಯಾರು ಅಂತ ಬರೆದುಕೊಂಡೆವು. ವಸ್ತುವಾಗಲಿ ಕೆಲಸವಾಗಲಿ, ಅದರಿಂದ ಅಕ್ಕೋರ ಮನೆಗೆ ಒಂದು ಹೊಸ ಕೆಲಸ ಹುಟ್ಟಬಾರದು ಅನ್ನುವುದು ಮೊದಲ ಷರತ್ತು. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದು ಇಷ್ಟವಾಗಲಿಲ್ಲ. "ಎಲ್ಲರೂ ಕೂಡಿ ಹೋಗಿ, ಕೈಗೆ ಒಂದು ಕೊಟ್ಟು ಬರಬೇಕು, ಅದೇ ಮರ್ಯಾದೆ" ಅನ್ನುವುದು ಅವರ ವಾದ. ಆ ವಾದದಲ್ಲೂ ಅರ್ಥವಿತ್ತು. ಅದಕ್ಕೇ ಎರಡನೇ ಸುತ್ತಿನ ಮೂರನೇ ವಾರದಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಹೋಗಿ ಬಂದೆವು. ನಮ್ಮ ಚಹಾ ನಾವೇ ಫ್ಲಾಸ್ಕಿನಲ್ಲಿ ಒಯ್ದಿದ್ದೆವು.

ಕೆಂಪು ಔಷಧಿಯ ದಿನಗಳು

ಮೊದಲು ಕೊಂಡದ್ದು ಒಂದು ಡಿಜಿಟಲ್ ಥರ್ಮಾಮೀಟರ್. ಸ್ಟಾಫ್ ರೂಮಿನಲ್ಲಿ ಕೆಲವರಿಗೆ ಇದು ಉಡುಗೊರೆ ಅನ್ನಿಸಲೇ ಇಲ್ಲ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಂದರೆ 38 ಸೆಲ್ಸಿಯಸ್, ಅದು ತುರ್ತು ಪರಿಸ್ಥಿತಿ. ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ. ಆಸ್ಪತ್ರೆಗೆ ಫೋನ್ ಮಾಡುವ ಮೊದಲು ಜ್ವರದ ಮಾತ್ರೆ ನುಂಗುವುದೂ ಸರಿಯಲ್ಲ, ಯಾಕೆಂದರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಥರ್ಮಾಮೀಟರ್ ಜೊತೆ ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟೆವು: 100.4, ಆಸ್ಪತ್ರೆಯ ನಂಬರು, ಅದರ ಕೆಳಗೆ ರಾತ್ರಿ ಗಾಡಿ ತರುವ ನಾಲ್ವರ ನಂಬರು, ಸರದಿ ಪ್ರಕಾರ.

ಮೂರನೇ ಸುತ್ತಿನ ಹನ್ನೊಂದನೇ ದಿನ, ಡಿಸೆಂಬರ್ ಕೊನೆಯ ವಾರ, ರಾತ್ರಿ ಹನ್ನೊಂದಕ್ಕೆ ಅಕ್ಕೋರಿಗೆ ಚಳಿ ಹತ್ತಿತು. ಯಜಮಾನರು ಅಳತೆ ನೋಡಿದರು. 101. ಪಟ್ಟಿಯ ಮೊದಲ ನಂಬರು ಪಿ.ಟಿ. ಮಾಸ್ತರದು. ಹುಬ್ಬಳ್ಳಿ ಸುಮಾರು 75 ಕಿಲೋಮೀಟರ್, ಹೆದ್ದಾರಿ. ರಾತ್ರಿಯೇ ದಾಖಲಾದರು, ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಶುರುವಾಯಿತು, ಕೆಲವು ದಿನಗಳಲ್ಲಿ ಮನೆಗೆ ಬಂದರು. ಯಜಮಾನರು ಆಮೇಲೆ ಒಂದೇ ಮಾತು ಹೇಳಿದರು. ಆ ಹೊತ್ತಿನಲ್ಲಿ ಯಾರನ್ನು ಎಬ್ಬಿಸಲಿ ಅಂತ ಯೋಚಿಸುವ ಕೆಲಸ ತಪ್ಪಿತು ಅಂತ.

ಊಟದ ವಿಷಯಕ್ಕೆ ಬರುತ್ತೇನೆ. ಬುತ್ತಿ ಕಳಿಸುವುದು ನಮ್ಮ ಜನರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಕೀಮೋ ಆದವರ ಬುತ್ತಿ ಬೇರೆ. ಬಾಯಿಗೆ ಲೋಹದ ರುಚಿ ಬರುತ್ತದೆ, ಸ್ಟೀಲ್ ಲೋಟದ ನೀರೂ ತುಕ್ಕು ಹಿಡಿದ ಹಾಗೆ ಅನ್ನಿಸುತ್ತದೆ. ಎರಡು ಗಾಜಿನ ಲೋಟ, ಮರದ ಚಮಚ ಕೊಟ್ಟೆವು. ಮೊದಲ ವಾರ ಬಿಸಿ ಬಿಸಿ ಸಾರಿನ ಹಬೆಯೇ ವಾಂತಿ ತರಿಸುತ್ತದೆ. ಆರಿದ ಊಟದಲ್ಲಿ ವಾಸನೆ ಕಡಿಮೆ. ಹಾಗಂತ ಮಾಡಿಟ್ಟು ತಾಸುಗಟ್ಟಲೆ ಬಿಟ್ಟದ್ದು ಕೊಡುವ ಹಾಗಿಲ್ಲ. ಆಗಷ್ಟೇ ಮಾಡಿ, ಸ್ವಲ್ಪ ಆರಿಸಿ, ಸಣ್ಣ ಡಬ್ಬಿಯಲ್ಲಿ. ಮೆತ್ತನೆಯ ಇಡ್ಲಿ, ಹೆಸರುಬೇಳೆ ಕಿಚಡಿ, ಮೊಸರನ್ನ, ಜೋಳದ ಗಂಜಿ. ಹುಣ್ಣಿನ ವಾರದಲ್ಲಿ ಖಾರ ಪೂರ್ತಿ ಬಂದ್. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಖಾರವಿಲ್ಲದ ಅಡುಗೆ ಮಾಡಿಸುವುದು ಸುಲಭವಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಳಿಸಿದವರೂ ಇದ್ದರು. ಅದನ್ನು ಯಜಮಾನರು, ಅತ್ತೆ ಊಟ ಮಾಡಿದರು. ಅದೂ ಒಳ್ಳೆಯದೇ ಆಯಿತು, ಅವರಿಗೂ ಅಡುಗೆ ಬೇಕಲ್ಲ. ಅವತ್ತಿನಿಂದ ಡಬ್ಬಿ ಎರಡು ಹೋಗತೊಡಗಿದವು, ಅಕ್ಕೋರದು ಬೇರೆ, ಮನೆಯವರದು ಬೇರೆ. ಡಬ್ಬಿ ತೊಳೆದು ವಾಪಸ್ ಕೊಡುವ ಕೆಲಸವೂ ಅವರಿಗೆ ಬೇಡ ಅಂತ ಹಾಗೇ ತೆಗೆದುಕೊಂಡು ಬರುತ್ತಿದ್ದೆವು.

ಸಣ್ಣ ವಸ್ತುಗಳಲ್ಲಿ ತುಂಬಾ ಮೃದುವಾದ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಉಪಯೋಗವಾಯಿತು. ಆಲ್ಕೋಹಾಲ್ ಇರುವ ಮೌತ್‌ವಾಶ್ ಹುಣ್ಣಿಗೆ ಉರಿ. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರು ಸಾಕು ಅಂತ ಆಸ್ಪತ್ರೆಯಲ್ಲೇ ಹೇಳಿದ್ದರು.

ಸಂಕ್ರಾಂತಿ ನಾಲ್ಕನೇ ಸುತ್ತಿನ ಎರಡನೇ ವಾರಕ್ಕೇ ಬಂತು, ರಕ್ತಕಣ ಕಡಿಮೆ ಇರುವ ದಿನಗಳು. ಕುಸುರೆಳ್ಳು ಕೊಡಲು ಓಣಿಯವರೆಲ್ಲ ಬರುವ ಹಬ್ಬ. ಬರಬೇಡಿ ಅಂತ ಹೇಳಲು ಅತ್ತೆಯವರಿಗೆ ಬಾಯಿ ಬರುವುದಿಲ್ಲ. ಪಕ್ಕದ ಮನೆಯವರು ಆ ಕೆಲಸ ತಾವೇ ವಹಿಸಿಕೊಂಡರು. ತಮ್ಮ ಕಟ್ಟೆಯ ಮೇಲೆ ಒಂದು ಬುಟ್ಟಿ ಇಟ್ಟು, ಅಕ್ಕೋರ ಪಾಲಿನ ಎಳ್ಳು ಇಲ್ಲೇ ಕೊಡಿ ಅಂದರು. ಸಂಜೆ ಅಕ್ಕೋರು ಕಿಟಕಿಯಿಂದಲೇ ಎಲ್ಲರನ್ನೂ ಮಾತಾಡಿಸಿದರು. ಸಿಹಿ ಮಾತಾಡುವ ಹಬ್ಬ ತಪ್ಪಲಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು "ಇವತ್ತು ಬೇಡ" ಅನ್ನುವುದು ಎಷ್ಟು ದೊಡ್ಡ ಸಹಾಯ ಅನ್ನುವುದನ್ನು ನಾನು ಅಲ್ಲಿ ನೋಡಿದೆ.

ತಲೆಗೂದಲು

ಡಾಕ್ಸೊರುಬಿಸಿನ್ ಕೊಟ್ಟರೆ ಕೂದಲು ಹೋಗುವುದು ಬಹುತೇಕ ಖಚಿತ. ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರಲು ಶುರು. ಅಕ್ಕೋರದು ಉದ್ದ ಜಡೆ. ಹತ್ತನೇ ತರಗತಿಯ ಹುಡುಗಿಯರು ದುಡ್ಡು ಕೂಡಿಸಿ ವಿಗ್ ಕೊಡಿಸುತ್ತೇವೆ ಅಂತ ಬಂದರು. ಅವರ ಮನಸ್ಸು ದೊಡ್ಡದು. ಆದರೆ ವಿಗ್ ಬೇರೆಯವರು ಆರಿಸಿ ತರುವ ವಸ್ತುವಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಕಿಕೊಳ್ಳಬೇಕೋ ಬೇಡವೋ, ಯಾವ ಬಣ್ಣ, ಎಷ್ಟು ಉದ್ದ, ಎಲ್ಲವೂ ಅವರದೇ. ಕೊಟ್ಟುಬಿಟ್ಟರೆ "ಇದನ್ನು ಹಾಕಿಕೊಂಡೇ ಹೊರಗೆ ಬನ್ನಿ" ಅಂದ ಹಾಗೆ ಆಗುತ್ತದೆ. ನಮ್ಮ ಕಡೆಯ ಸೆಕೆಗೆ ಅದು ಕಡಿಯುತ್ತದೆ ಕೂಡ.

ಮಗಳೇ ಅಮ್ಮನನ್ನು ಕೇಳಿದಳು. ಅಕ್ಕೋರು ವಿಗ್ ಬೇಡ ಅಂದರು. ಮೆತ್ತನೆಯ ಹತ್ತಿ ಟೋಪಿ ಸಾಕು, ಅದರ ಮೇಲೆ ಸೆರಗು ಹೊದ್ದರಾಯಿತು ಅಂದರು. ತಲೆ ಚರ್ಮ ಆಗ ಬಹಳ ನಾಜೂಕಾಗಿರುತ್ತದೆ. ಒಳಗೆ ಹೊಲಿಗೆಯ ಗೆರೆ ತಾಗಿದರೂ ನೋವು. ಹುಡುಗಿಯರಲ್ಲಿ ಒಬ್ಬಳ ತಾಯಿ ಟೇಲರ್. ಮೃದುವಾದ ಮಲ್ ಬಟ್ಟೆಯಲ್ಲಿ, ಹೊಲಿಗೆ ಹೊರಗೆ ಬರುವ ಹಾಗೆ, ನಾಲ್ಕು ಟೋಪಿ ಹೊಲಿದರು. ಎರಡು ಬಿಳಿ, ಅವು ರಾತ್ರಿಗೆ, ಯಾಕೆಂದರೆ ಕೂದಲಿಲ್ಲದ ತಲೆಗೆ ಡಿಸೆಂಬರಿನ ರಾತ್ರಿ ಚಳಿ ಬಹಳ. ಹುಡುಗಿಯರ ದುಡ್ಡು ಬಟ್ಟೆಗೆ ಸರಿಹೋಯಿತು. ತಾವು ಕೊಟ್ಟದ್ದನ್ನು ಅಕ್ಕೋರು ದಿನಾ ತೊಡುತ್ತಾರೆ ಅಂತ ಅವರಿಗೂ ಗೊತ್ತಾಯಿತು.

ಯಾರೂ ಬರದ ಹನ್ನೆರಡು ವಾರ

ಜನವರಿ ಕೊನೆಗೆ ಕೆಂಪು ಔಷಧಿ ಮುಗಿದು ಪ್ಯಾಕ್ಲಿಟ್ಯಾಕ್ಸೆಲ್ ಶುರುವಾಯಿತು. ಅಷ್ಟರಲ್ಲಿ ಊರಿಗೆ ಸುದ್ದಿ ಹಳೆಯದಾಗಿತ್ತು. ಹಣ್ಣು, ಹೂವು, ಫೋನು ಎಲ್ಲ ನಿಂತವು. ಅಕ್ಕೋರಿಗೆ ಮಾತ್ರ ಪ್ರತಿ ಬುಧವಾರ ಹುಬ್ಬಳ್ಳಿ. 12,000ದಲ್ಲಿ ಮುಕ್ಕಾಲು ಪಾಲು ಇನ್ನೂ ನಮ್ಮ ಹತ್ತಿರ ಇತ್ತು. ಹಂಚಿ ಇಟ್ಟುಕೊಂಡದ್ದರ ಬೆಲೆ ಗೊತ್ತಾದದ್ದು ಈ ಹಂತದಲ್ಲಿ.

ದೊಡ್ಡ ಕೊಡುಗೆ ಗಾಡಿಯದು. ಈ ಔಷಧಿ ಕೊಡುವ ಮೊದಲು ಅಲರ್ಜಿ ಆಗದಿರಲಿ ಅಂತ ಕೊಡುವ ಇಂಜೆಕ್ಷನ್ನಿನಿಂದ ಕಣ್ಣು ಎಳೆಯುತ್ತದೆ. ಬೈಕಿನ ಹಿಂದೆ ಕೂತು ಬರುವುದು ಸಾಧ್ಯವಿಲ್ಲ, ಬಸ್ಸಿನಲ್ಲಿ ನಿಂತು ಬರುವುದಂತೂ ಇಲ್ಲವೇ ಇಲ್ಲ. ಕಾರು ಇದ್ದವರು ಬುಧವಾರಗಳನ್ನು ಹಂಚಿಕೊಂಡರು. ಡೀಸೆಲ್ ಲೆಕ್ಕ ಯಾರೂ ಕೇಳಲಿಲ್ಲ. ಯಾರಿಗೂ ಆಗದ ವಾರ ಬಾಡಿಗೆ ಗಾಡಿ ಮಾಡಿದೆವು, ಆ ದುಡ್ಡು ನಿಧಿಯಿಂದ ಹೋಯಿತು. ರಜೆ ಹಾಕಿದವರ ತರಗತಿಗಳನ್ನು ಉಳಿದವರು ನೋಡಿಕೊಂಡರು. ಕಾರಿಲ್ಲದವರಿಗೂ ಹೀಗೆ ಇದರಲ್ಲಿ ಪಾಲು ಸಿಕ್ಕಿತು.

ಪ್ಯಾಕ್ಲಿಟ್ಯಾಕ್ಸೆಲ್ ಬೆರಳ ತುದಿಯ ನರಗಳಿಗೆ ಪೆಟ್ಟು ಕೊಡುತ್ತದೆ. ಕೈ ಕಾಲು ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ. ಗುಂಡಿ, ಹುಕ್ಕು ಹಾಕುವುದು ಕಷ್ಟ, ಲೋಟ ಜಾರುತ್ತದೆ. ಆರನೇ ವಾರದ ಹೊತ್ತಿಗೆ ಅಕ್ಕೋರು ಕುಬುಸದ ಹುಕ್ಕಿಗೆ ಅತ್ತೆಯನ್ನು ಕರೆಯುವಂತಾಯಿತು. ಮುಂದೆ ಜಿಪ್ ಇರುವ, ಜಿಪ್ಪಿನ ತುದಿಗೆ ದೊಡ್ಡ ಕುಣಿಕೆ ಕಟ್ಟಿದ ಹತ್ತಿ ನೈಟಿ ಎರಡು ಹೊಲಿಸಿದೆವು. ಮುಂದೆ ತೆರೆಯುವ ಬಟ್ಟೆ ಕೀಮೋ ಪೋರ್ಟ್, ಅಂದರೆ ಔಷಧಿ ಕೊಡಲು ಚರ್ಮದ ಕೆಳಗೆ ಕೂರಿಸಿದ ಸಣ್ಣ ಸಾಧನ, ಇರುವವರಿಗೂ ಅನುಕೂಲ, ಕಾಲರ್ ಮೂಳೆಯ ಕೆಳಗೆ ಸೂಜಿ ಹಾಕಲು ಬಟ್ಟೆ ಬಿಚ್ಚಬೇಕಾಗಿಲ್ಲ. ಕಾಲಿಗೆ ಹಿಮ್ಮಡಿ ಪಟ್ಟಿ ಇರುವ, ಜಾರದ ಚಪ್ಪಲಿ. ಹಿಡಿ ಇರುವ ಚಹಾ ಕಪ್.

ಸುಡೊಕು ಪುಸ್ತಕ ಮಾತ್ರ ಸರಿ ಹೋಗಲಿಲ್ಲ. ಗಣಿತದ ಟೀಚರ್ ಅಂತ ಒಬ್ಬರು ಮನಸ್ಸಿಟ್ಟು ಆರಿಸಿ ಕೊಟ್ಟಿದ್ದರು. ಕೀಮೋ ಸಮಯದಲ್ಲಿ ಗಮನ ನಿಲ್ಲುವುದಿಲ್ಲ, ಮರೆವು ಬರುತ್ತದೆ. ಜೀವನವಿಡೀ ಲೆಕ್ಕ ಬಿಡಿಸಿದವರಿಗೆ ಸುಲಭದ ಚೌಕವೂ ತುಂಬದೆ ಹೋದಾಗ ಕಣ್ಣೀರು ಬಂತಂತೆ. ಅದರ ಬದಲು ಯಜಮಾನರ ತಂಗಿ ತಂದ ಸಣ್ಣ ರೇಡಿಯೊ ಹಿಡಿಸಿತು. ದೊಡ್ಡ ಗುಂಡಿ, ತಿರುಗಿಸಿದರೆ ಧಾರವಾಡ ಆಕಾಶವಾಣಿ. ಮರಗಟ್ಟಿದ ಬೆರಳಿಗೆ ಮೊಬೈಲ್ ತೆರೆ ಕೇಳುವುದಿಲ್ಲ, ಗುಂಡಿ ಕೇಳುತ್ತದೆ. ಮಧ್ಯದಲ್ಲಿ ನಿದ್ದೆ ಹೋದರೂ ಏನೂ ತಪ್ಪಿಹೋಗುವುದಿಲ್ಲ. ಕ್ಯಾನ್ಸರ್ ಗೆದ್ದವರ ಕಥೆಗಳ ಪುಸ್ತಕಗಳೂ ಬಂದಿದ್ದವು. ಅವನ್ನು ಓದಬೇಕು ಅನ್ನಿಸುವವರೂ ಇರುತ್ತಾರೆ. ಅಕ್ಕೋರು ತೆರೆಯಲಿಲ್ಲ. ದಿನವಿಡೀ ಕಾಯಿಲೆಯೇ ಇರುವಾಗ ಓದುವುದಕ್ಕೂ ಅದೇ ಯಾಕೆ ಅಂದರು.

ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಪತ್ರಿಕೆ. ಅವರ ತರಗತಿಗಳನ್ನು ನಾವು ಬೇರೆಯವರಿಗೆ ಹಂಚಿದ್ದೆವು, ಹೊರೆ ಇಳಿಸಿದೆವು ಅಂದುಕೊಂಡಿದ್ದೆವು. ಒಂದು ಗುರುವಾರ ನನಗೆ ಫೋನ್ ಮಾಡಿ, "ಪೇಪರ್ ನಾನು ತೆಗೀತೀನ್ರಿ, ನನ್ನ ಹುಡುಗರ ತಪ್ಪು ಎಲ್ಲಿ ಆಗ್ತಾವ ನನಗ ಗೊತ್ತು" ಅಂದರು. ಬರೆಯಲು ಬೆರಳು ಕೇಳುತ್ತಿರಲಿಲ್ಲ. ಅವರು ಹೇಳುತ್ತಾ ಹೋದರು, ಕ್ಲರ್ಕ್ ಪಕ್ಕದಲ್ಲಿ ಕೂತು ಟೈಪ್ ಮಾಡಿದರು. ಗಮನ ನಿಲ್ಲದಿದ್ದರೆ ಬಿಟ್ಟು, ಮರುದಿನ ಮುಂದುವರಿಸಿದರು. ಎಲ್ಲ ಕೆಲಸವನ್ನೂ ಕೈಯಿಂದ ತೆಗೆದುಕೊಳ್ಳುವುದು ಸಹಾಯವಲ್ಲ ಅಂತ ಈ ಪತ್ರಿಕೆ ನಮಗೆಲ್ಲ ತೋರಿಸಿತು. ಮನುಷ್ಯರಿಗೆ ತಮ್ಮದು ಅನ್ನುವ ಒಂದು ಕೆಲಸ ಕೈಯಲ್ಲಿ ಉಳಿಯಬೇಕು. ಯಾವುದು ಅಂತ ಅವರೇ ಹೇಳಲಿ.

ಜೊತೆಗಿರುವವರಿಗೂ ಏನಾದರೂ ಬೇಕು. ಯಜಮಾನರು ಪ್ರತಿ ವಾರ ಡೇ ಕೇರ್ ವಾರ್ಡಿನ ಹೊರಗೆ ತಾಸುಗಟ್ಟಲೆ ಕೂರುತ್ತಿದ್ದರು. ಅವರಿಗೆ ಒಂದು ಚೀಲ ಕೊಟ್ಟೆವು. ಉದ್ದ ವೈರಿನ ಚಾರ್ಜರ್, ನೀರಿನ ಬಾಟಲಿ, ಹೊದೆಯುವ ಶಾಲು, ಎಲ್ಲ ರಿಪೋರ್ಟ್ ಜೋಡಿಸಿಡುವ ಫೈಲು. ಫೈಲಿನ ಮೊದಲ ಹಾಳೆಯಲ್ಲಿ ಔಷಧಿಗಳ ಹೆಸರು, ತಾರೀಖು, ಅಲರ್ಜಿ, "ಎಡಗೈಗೆ ಸೂಜಿ, ಬಿಪಿ ಬೇಡ" ಅಂತ ಕೆಂಪಿನಲ್ಲಿ. ಡಿಸೆಂಬರಿನ ಆ ರಾತ್ರಿಯ ನಂತರ ವಿಜ್ಞಾನದ ಮಾಸ್ತರಿಗೆ ಹೊಳೆದದ್ದು ಇದು. ಫೆಬ್ರುವರಿಯಲ್ಲಿ ಹೊಲದ ಮೆಣಸಿನಕಾಯಿ ಬಿಡಿಸುವ ಕೆಲಸ ಇತ್ತು. ಅದನ್ನು ಅವರ ತಮ್ಮ ಮುಂದೆ ನಿಂತು ಮಾಡಿಸಿದ. ಒಣಹಾಕಿದ ಮೆಣಸಿನಕಾಯಿಯ ಘಾಟು ಮನೆಗೆ ಬರದಿರಲಿ ಅಂತ ಕಣವನ್ನೂ ದೂರ ಮಾಡಿದ. ಇದನ್ನು ಉಡುಗೊರೆ ಅಂತ ಯಾರೂ ಲೆಕ್ಕ ಹಿಡಿಯಲಿಲ್ಲ. ನಾನು ಹಿಡಿಯುತ್ತೇನೆ.

ಬೇರೆ ಔಷಧಿ, ಬೇರೆ ಮನೆ

ಇದೇ ಪಟ್ಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಕರುಳಿನ ಕ್ಯಾನ್ಸರಿಗೆ ಹೆಚ್ಚಾಗಿ ಕೊಡುವ ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಕೆಲವು ದಿನ ತಣ್ಣನೆಯದು ಮುಟ್ಟಿದರೆ, ಕುಡಿದರೆ ಶಾಕ್ ಹೊಡೆದ ಹಾಗೆ ಆಗುತ್ತದೆ. ಅವರಿಗೆ ಐಸ್‌ಕ್ರೀಮ್ ಬೇಡ, ಉಣ್ಣೆಯ ಕೈಗವಸು ಕೊಡಿ. ರಕ್ತದ ಕ್ಯಾನ್ಸರ್ ಆದವರಿಗೆ ಪ್ಲೇಟ್‌ಲೆಟ್ ಮತ್ತೆ ಮತ್ತೆ ಬೇಕಾಗುತ್ತದೆ. ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಹಾಗಾಗಿ ಕರೆದಾಗ ಬರುವ ದಾನಿಗಳ ಪಟ್ಟಿಯೇ ದೊಡ್ಡ ಕೊಡುಗೆ.

ದುಡ್ಡಿನ ಕಷ್ಟ ಇರುವ ಮನೆಗೆ ಕವರಿನಲ್ಲಿ ರೊಕ್ಕವೇ ಸರಿ. ಮದುವೆಯ ಆಹೇರಿಯ ಹಾಗೆ ಹೆಸರು ಬರೆಸಿ ಕೊಡುವುದು ಬೇಡ, ಸುಮ್ನೆ ಕೈಗಿಟ್ಟರೆ ಸಾಕು. ಆಸ್ಪತ್ರೆ ಬಿಲ್ಲಿನ ಹೊರಗೆ ಊಟ, ಆಟೊ, ಉಳಿಯುವ ಜಾಗ ಅಂತ ಎಷ್ಟೋ ಖರ್ಚು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ವೆಚ್ಚದ ಶೇ. 30, ಅಂದರೆ 1.5 ಲಕ್ಷದವರೆಗೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಂತ ರಾತ್ರಿ ರೈಲು ಹತ್ತುವವರಲ್ಲಿ ಎಷ್ಟೋ ಮಂದಿಗೆ ಈ ರಿಯಾಯಿತಿಯ ಫಾರ್ಮ್ ತುಂಬುವುದು ಗೊತ್ತಿರುವುದಿಲ್ಲ. ಒಂದು ದಿನ ರಜೆ ಹಾಕಿ ಆ ಕಾಗದ ಮಾಡಿಸಿಕೊಡಿ. ಹಣ್ಣಿನ ಬುಟ್ಟಿಗಿಂತ ಎಷ್ಟೋ ಪಾಲು ಮೇಲು.

ರೇಡಿಯೇಶನ್ ಮತ್ತು ಜೂನ್

ಏಪ್ರಿಲ್ ಮಧ್ಯಕ್ಕೆ ಕೀಮೋ ಮುಗಿಯಿತು. ಮೇ ತಿಂಗಳಲ್ಲಿ ರೇಡಿಯೇಶನ್, ವಾರಕ್ಕೆ ಐದು ದಿನದಂತೆ 15 ಸಲ. ಅಕ್ಕೋರು ಹುಬ್ಬಳ್ಳಿಯಲ್ಲೇ ಸಂಬಂಧಿಕರ ಮನೆಯಲ್ಲಿ ಉಳಿದರು. ನಾವು ಕಳಿಸಿದ್ದು ಸಡಿಲವಾದ ಹತ್ತಿ ಕುಬುಸ ಮೂರು, ಕಂಕುಳಿನ ಹತ್ತಿರ ಹೊಲಿಗೆ ಉಜ್ಜದ ಹಾಗೆ. ಕಿರಣ ಬಿದ್ದ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗುತ್ತದೆ. ಅದಕ್ಕೆ ಪರಿಮಳದ ಪೌಡರ್, ಕ್ರೀಮ್ ಹಚ್ಚುವ ಹಾಗಿಲ್ಲ.

ಜೂನ್ ಕೊನೆಗೆ ಅವರು ಶಾಲೆಗೆ ಬಂದರು. ತಲೆಯಲ್ಲಿ ಒಂದಿಂಚು ಕೂದಲು, ಈ ಸಲ ಗುಂಗುರು. ಎಲ್ಲರೂ ಮುಗಿಯಿತು ಅಂದುಕೊಂಡಿದ್ದರು. ಹಾರ್ಮೋನ್ ಮಾತ್ರೆ ಇನ್ನೂ ಐದು ವರ್ಷ ಇದೆ. ಪಾದದ ಜುಮ್ಮು ಹೋಗಿರಲಿಲ್ಲ, ಹಾಗಾಗಿ ಜಾಸ್ತಿ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ನಿಧಿಯಲ್ಲಿ 1,900 ರೂಪಾಯಿ ಉಳಿದಿತ್ತು. ಏನು ಮಾಡೋಣ ಅಂತ ಈ ಸಲ ನೇರವಾಗಿ ಅವರನ್ನೇ ಕೇಳಿದೆವು. ಬೋರ್ಡಿನ ಹತ್ತಿರ ಕೂತು ಬರೆಯುವಷ್ಟು ಎತ್ತರದ, ಬೆನ್ನಿಗೆ ಆಸರೆ ಇರುವ ಸ್ಟೂಲು ಬೇಕು ಅಂದರು. ಊರಿನ ಬಡಗಿ ಅಷ್ಟಕ್ಕೇ ಮಾಡಿಕೊಟ್ಟ. ಹತ್ತನೇ ತರಗತಿ ಮೊದಲ ಮಹಡಿಯಲ್ಲಿತ್ತು. ಹೆಡ್‌ಮಾಸ್ತರು ಅದನ್ನು ಕೆಳಗಿನ ಕೋಣೆಗೆ ಬದಲಾಯಿಸಿದರು, ಮೊದಲ ಪಿರಿಯಡ್ ಬೇರೆಯವರಿಗೆ ಕೊಟ್ಟು ಗಣಿತವನ್ನು ಎರಡನೆಯದಕ್ಕೆ ತಂದರು.